ಹಸಿದ ಜಿಲ್ಲೆಯ ಹೊಟ್ಟೆಯ ಸುತ್ತಳತೆ

ಯಾದಗಿರಿ ಜಿಲ್ಲೆಯ ಆರೋಗ್ಯದ ಮಾತು ಬಂದಾಗಲೆಲ್ಲ ಮೊದಲು ಎದುರಾಗುವುದು ಹಸಿವಿನ ಅಂಕಿಗಳು. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಯಾದಗಿರಿಯಲ್ಲಿ ಅಂಥ ಮಕ್ಕಳು ಅರ್ಧಕ್ಕಿಂತಲೂ ಹೆಚ್ಚು. ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ತಾಲ್ಲೂಕುಗಳನ್ನು ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿಟ್ಟಿತ್ತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ಇಂಥ ಕಡೆ ಕುಳಿತು ದೊಡ್ಡವರ ಹೊಟ್ಟೆಯ ಬೊಜ್ಜಿನ ಬಗ್ಗೆ ಬರೆಯುವುದು ಊಟವಿಲ್ಲದವರ ಮುಂದೆ ಅಜೀರ್ಣದ ಮಾತಾಡಿದಂತೆ ಕೇಳಬಹುದು. ಆದರೂ ಬರೆಯಬೇಕಾಗಿದೆ. ಬಾಲ್ಯದಲ್ಲಿ ಹೊಟ್ಟೆಗಿಲ್ಲದೆ ಬೆಳೆದ ಮೈಗಳ ಮೇಲೆಯೇ ನಡುವಯಸ್ಸಿನಲ್ಲಿ ಬೊಜ್ಜು ಏರುತ್ತಿದೆ. ಇವೆರಡನ್ನೂ ಬೇರೆ ಬೇರೆ ಕಚೇರಿಗಳು, ಬೇರೆ ಬೇರೆ ಕಡತಗಳಲ್ಲಿ ನೋಡುತ್ತಿರುವುದರಿಂದ ಒಂದಕ್ಕೊಂದು ಇರುವ ನಂಟು ಯಾರ ಕಣ್ಣಿಗೂ ಬೀಳುತ್ತಿಲ್ಲ. ಈ ಭಾಗದ ಬೊಜ್ಜು ಹಳೆಯ ಹಸಿವಿನ ಮುಂದುವರಿಕೆ ಎಂಬುದೇ ಈ ಲೇಖನದ ವಾದ.

ಹೊಟ್ಟೆ ಬಂದರೆ ಇಲ್ಲಿ ಯಾರೂ ಗಾಬರಿಯಾಗುವುದಿಲ್ಲ. ‘ಹೊಟ್ಟಿ ಬಂದದ, ಆರಾಮ ಅದಾನ’ ಎನ್ನುತ್ತಾರೆ. ಮದುವೆಯಾದ ಮೇಲೆ ಹುಡುಗ ಮೈ ಹಿಡಿದರೆ ಅತ್ತೆ ಮನೆಯವರಿಗೆ ಹೆಮ್ಮೆ. ಬರ ಕಂಡ ಸೀಮೆಯಲ್ಲಿ ಇದು ಸಹಜ. ಎರಡು ತಲೆಮಾರಿನ ಹಿಂದೆ ಹೊಟ್ಟೆ ಇದ್ದವರೆಂದರೆ ಗೌಡರು, ಶಾನುಭೋಗರು, ಅಡತಿ ಅಂಗಡಿಯ ಸಾಹುಕಾರರು. ಈಗ ಆಟೊ ಓಡಿಸುವವರು, ಟಂಟಂ ಚಾಲಕರು, ಬಟ್ಟೆ ಅಂಗಡಿಯ ನೌಕರರು, ಶಾಲಾ ಶಿಕ್ಷಕಿಯರು, ಅಂಗನವಾಡಿಯ ಕಾರ್ಯಕರ್ತೆಯರು, ಮನೆಯಲ್ಲೇ ಉಳಿದ ಹೆಣ್ಣುಮಕ್ಕಳು. ಇವರಲ್ಲಿ ಬಹುಪಾಲು ಜನ ‘ದಪ್ಪ’ ಅಲ್ಲ. ಕೈಕಾಲು ಸಣ್ಣ, ತೋಳಲ್ಲಿ ಮಾಂಸ ಕಡಿಮೆ, ನಡುವಿನ ಸುತ್ತ ಮಾತ್ರ ಬೆಳೆದಿದೆ. ತೂಕದ ಯಂತ್ರದ ಮೇಲೆ ನಿಂತರೆ ಅರವತ್ತು ಕಿಲೋ ಆಸುಪಾಸು, ‘ನಾರ್ಮಲ್’ ಎಂದು ಬರೆದು ಕಳಿಸುತ್ತಾರೆ.

ಕಾಲಕ್ರಮದಲ್ಲಿ ಈ ಬದಲಾವಣೆ ಎಷ್ಟಾಗಿದೆ ಎಂದು ಹೇಳಲು ಸುತ್ತಳತೆಯ ದಾಖಲೆ ಬೇಕು. ನಮ್ಮಲ್ಲಿ ಬಹುಕಾಲ ಇದ್ದದ್ದು ತೂಕ ಮತ್ತು ಎತ್ತರದ ದಾಖಲೆ ಮಾತ್ರ. ಆ ಲೆಕ್ಕವೇ ಸಾಕಷ್ಟು ಹೇಳುತ್ತದೆ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿರುವವರನ್ನು ಅತಿತೂಕದವರು ಎಂದು ಎಣಿಸಿದರೆ, 2005-06ರಲ್ಲಿ ಕರ್ನಾಟಕದ ಹೆಂಗಸರಲ್ಲಿ ಅವರ ಪಾಲು ಶೇ 15.3, ಗಂಡಸರಲ್ಲಿ ಶೇ 10.9 ಇತ್ತು. 2015-16ರ ಹೊತ್ತಿಗೆ ಅದು ಶೇ 23.3 ಮತ್ತು ಶೇ 22.1 ಆಯಿತು. 2019-21ರಲ್ಲಿ ಶೇ 30.1 ಮತ್ತು ಶೇ 30.9. ಹದಿನೈದು ವರ್ಷಗಳಲ್ಲಿ ಹೆಂಗಸರಲ್ಲಿ ಎರಡು ಪಟ್ಟು, ಗಂಡಸರಲ್ಲಿ ಹತ್ತಿರಹತ್ತಿರ ಮೂರು ಪಟ್ಟು. ಅದೇ ವೇಳೆ ತೀರಾ ಬಡಕಲಾಗಿರುವವರು ಮಾಯವಾಗಲಿಲ್ಲ. 2019-21ರಲ್ಲೂ ರಾಜ್ಯದ ಹೆಂಗಸರಲ್ಲಿ ಶೇ 17.2 ಮಂದಿಯ ಬಿಎಂಐ 18.5ಕ್ಕಿಂತ ಕಡಿಮೆ. ಒಂದೇ ಊರಲ್ಲಿ, ಎಷ್ಟೋ ಕಡೆ ಒಂದೇ ಮನೆಯಲ್ಲಿ, ಎರಡೂ ಬಗೆಯ ಮೈಗಳಿವೆ.

ಕುಟುಂಬ ಆರೋಗ್ಯ ಸಮೀಕ್ಷೆಯವರು ಸೊಂಟ ಮತ್ತು ನಿತಂಬದ ಸುತ್ತಳತೆ ತೆಗೆದುಕೊಂಡದ್ದು ಐದನೇ ಸುತ್ತಿನಲ್ಲಿ, ಮೊದಲ ಬಾರಿಗೆ. ಆ ಅಂಕಿಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ದೇಶದ ಶೇ 40ರಷ್ಟು ಹೆಂಗಸರಲ್ಲಿ, ಶೇ 12ರಷ್ಟು ಗಂಡಸರಲ್ಲಿ ಹೊಟ್ಟೆಯ ಬೊಜ್ಜು ಇದೆ ಎಂದಿತು. 30ರಿಂದ 49 ವರ್ಷದ ಹೆಂಗಸರನ್ನು ಮಾತ್ರ ತೆಗೆದುಕೊಂಡರೆ ಹತ್ತರಲ್ಲಿ ಐದಾರು ಮಂದಿ. ಬಿಎಂಐ ಲೆಕ್ಕದಲ್ಲಿ ಹೆಣ್ಣು-ಗಂಡಿನ ನಡುವೆ ಹೆಚ್ಚು ವ್ಯತ್ಯಾಸವೇ ಕಾಣದ ಅದೇ ಸಮೀಕ್ಷೆಯಲ್ಲಿ ಟೇಪು ಹಿಡಿದ ಕೂಡಲೇ ಇಷ್ಟು ದೊಡ್ಡ ಅಂತರ ಕಂಡಿತು. ಗಂಡಸರಿಗೆ ಅಲ್ಲಿ ಹಾಕಿದ ಗೆರೆ 94 ಸೆಂಟಿಮೀಟರ್, ಯುರೋಪಿನವರ ಮೈಗೆ ಹೊಂದುವ ಗೆರೆ. ಭಾರತೀಯರಿಗೆ ಹೇಳುವ 90ರ ಗೆರೆ ಹಾಕಿದ್ದರೆ ಆ ಶೇ 12 ಇನ್ನೂ ಮೇಲಕ್ಕೆ ಹೋಗುತ್ತಿತ್ತು. ಹೀಗಾಗಿ ಗಂಡಸರು ನಿರುಮ್ಮಳವಾಗಿರಬೇಕಾದ ಅಂಕಿ ಇದಲ್ಲ.

ಇನ್ನೊಂದು ದೊಡ್ಡ ಆಧಾರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ. 2008ರಿಂದ 2020ರವರೆಗೆ ಹಂತಹಂತವಾಗಿ, 20 ವರ್ಷ ದಾಟಿದ 1,13,043 ಮಂದಿಯನ್ನು ಪರೀಕ್ಷಿಸಿ 2023ರಲ್ಲಿ ಅದು ಕೊಟ್ಟ ಫಲಿತಾಂಶ ಇದು: ಹೊಟ್ಟೆಯ ಬೊಜ್ಜು ಶೇ 39.5, ಒಟ್ಟಾರೆ ಬೊಜ್ಜು ಶೇ 28.6, ಸಕ್ಕರೆ ಕಾಯಿಲೆ ಶೇ 11.4, ರಕ್ತದೊತ್ತಡ ಶೇ 35.5. ಇದೇ ಅಧ್ಯಯನದ ಮೊದಲ ಹಂತದಲ್ಲಿ, 2008-10ರ ಹೊತ್ತಿಗೆ, ಹೊಟ್ಟೆಯ ಬೊಜ್ಜು ತಮಿಳುನಾಡಿನಲ್ಲಿ ಶೇ 26.6, ಮಹಾರಾಷ್ಟ್ರದಲ್ಲಿ ಶೇ 18.7, ಜಾರ್ಖಂಡ್‌ನಲ್ಲಿ ಶೇ 16.9, ಚಂಡೀಗಢದಲ್ಲಿ ಶೇ 36.1 ಇತ್ತು. ಬೇರೆ ಬೇರೆ ರಾಜ್ಯ, ಬೇರೆ ಬೇರೆ ವರ್ಷ. ಒಂದರ ಪಕ್ಕ ಒಂದಿಟ್ಟು ‘ಇಷ್ಟು ಏರಿತು’ ಎಂದು ಹೇಳುವುದು ತಪ್ಪಾಗುತ್ತದೆ. ಸಾಗುತ್ತಿರುವ ದಿಕ್ಕಿನ ಬಗ್ಗೆ ಮಾತ್ರ ಅನುಮಾನ ಉಳಿಯುವುದಿಲ್ಲ. ಇಲ್ಲಿಯೂ ಒಟ್ಟಾರೆ ಬೊಜ್ಜಿಗಿಂತ ಹೊಟ್ಟೆಯ ಬೊಜ್ಜು ಹನ್ನೊಂದು ಶೇಕಡಾಂಶ ಹೆಚ್ಚಿರುವುದನ್ನು ಗಮನಿಸಬೇಕು. ಒಂದೇ ವಿಧಾನದಲ್ಲಿ ವರ್ಷವರ್ಷವೂ ಟೇಪು ಹಿಡಿದ ಅಮೆರಿಕದಲ್ಲಿ 1999-2000ರಿಂದ 2011-12ರೊಳಗೆ ವಯಸ್ಕರ ಸರಾಸರಿ ಸೊಂಟ 95.5 ಸೆಂ.ಮೀ.ನಿಂದ 98.5ಕ್ಕೆ ಏರಿತು, ಹೊಟ್ಟೆಯ ಬೊಜ್ಜಿನವರು ಶೇ 46.4ರಿಂದ ಶೇ 54.2 ಆದರು. ತೂಕ ನಿಂತರೂ ಸೊಂಟ ಬೆಳೆಯುತ್ತ ಹೋಗಬಹುದು ಎಂಬ ಪಾಠ ಅಲ್ಲಿಂದ ಬಂತು.

ಸೊಂಟಕ್ಕೆ ಇಷ್ಟು ಮಹತ್ವ ಏಕೆ? ಫ್ರಾನ್ಸಿನ ಮಾರ್ಸೇ ಪಟ್ಟಣದ ವೈದ್ಯ ಜಾನ್ ವಾಗ್ 1947ರಲ್ಲೇ ಇದರ ಸುಳಿವು ಕೊಟ್ಟಿದ್ದರು. ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ, ಮೈಯ ಮೇಲ್ಭಾಗದಲ್ಲಿ ತುಂಬಿದವರಿಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಹೆಚ್ಚು, ತೊಡೆ-ನಿತಂಬದಲ್ಲಿ ತುಂಬಿದವರಿಗೆ ಕಡಿಮೆ ಎಂದರು. ಬಹುಕಾಲ ಆ ಮಾತನ್ನು ಯಾರೂ ದೊಡ್ಡದಾಗಿ ಎತ್ತಿಕೊಳ್ಳಲಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಕೂಡ ಪಾಲ್ಗೊಂಡಿದ್ದ, 52 ದೇಶಗಳ ಸುಮಾರು 27 ಸಾವಿರ ಜನರನ್ನೊಳಗೊಂಡ ಇಂಟರ್‌ಹಾರ್ಟ್ ಅಧ್ಯಯನ 2005ರಲ್ಲಿ ಅದನ್ನು ಗಟ್ಟಿಮಾಡಿತು. ಹೃದಯಾಘಾತದ ಅಪಾಯವನ್ನು ಬಿಎಂಐಗಿಂತ ಸೊಂಟ-ನಿತಂಬದ ಅನುಪಾತ ಚೆನ್ನಾಗಿ ಹೇಳುತ್ತದೆ ಎಂದು ಕಂಡುಬಂತು.

ದೇಹದೊಳಗೆ ಆಗುವುದನ್ನು ಈ ಸೀಮೆಯ ಹಳೆಯ ಹಗೇವಿನ ಲೆಕ್ಕದಲ್ಲಿ ಹೇಳಬಹುದು. ಸುಗ್ಗಿಯ ಜೋಳ ಹಗೇವಿನಲ್ಲಿದ್ದಷ್ಟು ದಿನ ಭದ್ರ. ಹಗೇವು ತುಂಬಿದ ಮೇಲೆ ಉಳಿದ ಜೋಳ ಪಡಸಾಲೆಗೆ, ಅಡುಗೆಮನೆಗೆ ಬರುತ್ತದೆ, ಇಲಿ-ಹುಳಕ್ಕೆ ಸಿಗುತ್ತದೆ. ಚರ್ಮದ ಕೆಳಗಿನ ಕೊಬ್ಬಿನ ಪದರ ಅಂಥ ಹಗೇವು. ನಮ್ಮವರಲ್ಲಿ ಅದು ಚಿಕ್ಕದು, ಬೇಗ ತುಂಬುತ್ತದೆ. ಉಳಿದ ಕೊಬ್ಬು ಕರುಳಿನ ಸುತ್ತ, ಯಕೃತ್ತಿನೊಳಗೆ, ಮೇದೋಜೀರಕದ ಮೇಲೆ ಕೂರುತ್ತದೆ. ಕರುಳಿನ ಸುತ್ತಲಿನ ಕೊಬ್ಬು ಸುಮ್ಮನಿರುವುದಿಲ್ಲ. ಅಲ್ಲಿಂದ ಬಿಡುಗಡೆಯಾಗುವ ಕೊಬ್ಬಿನಾಮ್ಲಗಳು ನೇರ ಯಕೃತ್ತಿಗೆ ಹರಿಯುತ್ತವೆ, ಅದು ಇನ್ಸುಲಿನ್ ಮಾತು ಕೇಳದಂತೆ ಮಾಡುತ್ತವೆ, ಒಳಗೆ ಸಣ್ಣ ಉರಿಯೂತವನ್ನು ಸದಾ ಜೀವಂತವಾಗಿಡುತ್ತವೆ. ಆಮೇಲೆ ಸಕ್ಕರೆ, ರಕ್ತದೊತ್ತಡ, ಯಕೃತ್ತಿನ ಕೊಬ್ಬು ಒಂದರ ಹಿಂದೊಂದು ಬರುತ್ತವೆ.

ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಚಿತ್ರ ಪ್ರಕಟಿಸಿದರು. ಅದರಲ್ಲಿ ಅವರೂ ಅವರ ಬ್ರಿಟಿಷ್ ಗೆಳೆಯ ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಯಾದಗಿರಿ ಬಸ್ ನಿಲ್ದಾಣದಲ್ಲಿ ಕಾಣುವ ನಲವತ್ತರ ಗಂಡಸರ ಮೈಕಟ್ಟಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಇದು ಎಲ್ಲಿಂದ ಶುರುವಾಗುತ್ತದೆ ಎಂದು ಹುಡುಕುತ್ತ ಹೋದ ಯಾಜ್ಞಿಕ್ ಮತ್ತು ಸಂಗಡಿಗರು ತಾಯಿಯ ಗರ್ಭಕ್ಕೆ ಬಂದು ತಲುಪಿದರು. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ 1993ರಲ್ಲಿ ಆರಂಭವಾದ ಅಧ್ಯಯನದಲ್ಲಿ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೋ; ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು 3.5 ಕಿಲೋ. ಪುಣೆಯ ಕೂಸುಗಳಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಅಂಗಗಳು ಚಿಕ್ಕವು, ಬೆನ್ನಿನ ಮೇಲಿನ ಕೊಬ್ಬು ಮಾತ್ರ ಉಳಿದುಕೊಂಡಿತ್ತು. ಕೊರತೆಯಲ್ಲಿ ಬೆಳೆದ ಭ್ರೂಣ ಮಿದುಳಿಗೆ ಬೇಕಾದ್ದನ್ನು ಕಾಪಾಡಿಕೊಂಡು, ಸ್ನಾಯುವನ್ನು ಬಿಟ್ಟುಕೊಟ್ಟು, ಕೊಬ್ಬನ್ನು ಇಟ್ಟುಕೊಳ್ಳುತ್ತದೆ.

ಕರ್ನಾಟಕಕ್ಕೆ ಈ ವಿಷಯದಲ್ಲಿ ತನ್ನದೇ ಆದ ದೊಡ್ಡ ದಾಖಲೆಯಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ದಶಕಗಳ ನಂತರ ಸಂಶೋಧಕರು ಆ ಪುಸ್ತಕಗಳನ್ನು ಬಿಚ್ಚಿ, ಆ ಕೂಸುಗಳು ನಡುವಯಸ್ಸಿನಲ್ಲಿದ್ದಾಗ ಹುಡುಕಿ ಪರೀಕ್ಷಿಸಿದರು. 506 ಮಂದಿಯ ಈ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಗಿಡ್ಡಗೆ ಗುಂಡಗಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿತ್ತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳನ್ನು ಇಂದಿಗೂ ಹಿಂಬಾಲಿಸುತ್ತಿರುವ ಪಾರ್ಥೆನಾನ್ ಅಧ್ಯಯನ, ಮುಂಡದ ಮೇಲಿನ ಹೆಚ್ಚಿನ ಕೊಬ್ಬು ದಕ್ಷಿಣ ಭಾರತದ ಮಕ್ಕಳಲ್ಲಿ ಹುಟ್ಟಿನಲ್ಲೇ ಇರುತ್ತದೆ ಎಂದು ತೋರಿಸಿತು. ಹೊರದೇಶದಲ್ಲೂ ಇಂಥದೇ ಕಂಡಿತ್ತು: ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಕ್ಷಾಮ ಬಿದ್ದಾಗ ಗರ್ಭದ ಆರಂಭದ ತಿಂಗಳುಗಳಲ್ಲಿದ್ದ ಹೆಣ್ಣುಮಕ್ಕಳು ಐವತ್ತರ ವಯಸ್ಸಿನಲ್ಲಿ ಉಳಿದವರಿಗಿಂತ ಹೆಚ್ಚು ಬೊಜ್ಜಿನವರಾಗಿದ್ದರು.

ಈ ತಿಳಿವಳಿಕೆಯನ್ನು ಯಾದಗಿರಿಗೆ ತಂದರೆ ಎದೆ ಝಲ್ಲೆನ್ನುತ್ತದೆ. 1972ರ ಬರವನ್ನು ಈ ಭಾಗದ ಹಿರಿಯರು ಇನ್ನೂ ಮರೆತಿಲ್ಲ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದ ಬಸುರಿಯರ ಮಕ್ಕಳು ಈಗ ಐವತ್ತು ದಾಟಿದ್ದಾರೆ, ಸಕ್ಕರೆ ಕಾಯಿಲೆ ಕಾಲಿಡುವ ವಯಸ್ಸಿನಲ್ಲಿದ್ದಾರೆ. ಇಂದು ಅಂಗನವಾಡಿಯ ಪುಸ್ತಕದಲ್ಲಿ ಗಿಡ್ಡಗೆ ಉಳಿದವರೆಂದು ಬರೆಸಿಕೊಂಡಿರುವ ಮಕ್ಕಳು 2050ರ ಹೊತ್ತಿಗೆ ಮೂವತ್ತರ ಆಸುಪಾಸಿನಲ್ಲಿರುತ್ತಾರೆ. ಸಮೀಕ್ಷೆಯ ಇಂದಿನ ಅಂಕಿಯೇ ನಾಳಿನ ಸಕ್ಕರೆ ಕಾಯಿಲೆಯ ಮುನ್ಸೂಚನೆ ಎಂದು ನಾನು ನಂಬುತ್ತೇನೆ.

ಗರ್ಭದಿಂದ ಬಂದದ್ದು ಒಂದು ಕಡೆ. ಅದರ ಮೇಲೆ ಕಳೆದ ನಲವತ್ತು ವರ್ಷ ಏನೇನು ಬಂದು ಕೂತಿತು ಎಂಬುದು ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಕೃಷ್ಣೆಗೆ ಅಡ್ಡಲಾಗಿ ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡಿತು. ಅದರ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಎರೆ ಹೊಲಗಳಿಗೆ ನೀರು ತಂದಿತು. ಯೋಜನೆ ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಅರೆ ನೀರಾವರಿ: ಜೋಳ, ಶೇಂಗಾ, ಹತ್ತಿ, ಕಾಳುಕಡಿ. ಬಂದದ್ದು ಭತ್ತ. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪು ಕಟ್ಟಿಕೊಂಡು ಗದ್ದೆ ಮಾಡಿದರು; ನೋಡಿದ ಊರವರೂ ಮಡಿ ಕಟ್ಟಿದರು. ‘ಬೆಳೆ ಪದ್ಧತಿ ಉಲ್ಲಂಘನೆ’ ಎಂದು ನೀರಾವರಿ ಇಲಾಖೆಯ ಕಡತಗಳಲ್ಲಿ ಬರೆದದ್ದು ಊಟದ ತಟ್ಟೆಯಲ್ಲಿ ಅನ್ನವಾಯಿತು. ಹಬ್ಬಕ್ಕೊಮ್ಮೆ, ಬೀಗರು ಬಂದಾಗೊಮ್ಮೆ ಬೇಯುತ್ತಿದ್ದ ಅಕ್ಕಿ ದಿನದ ಊಟವಾಯಿತು. ಕಾಲುವೆ ಮುಟ್ಟದ ಯಾದಗಿರಿ ಕಡೆಯ ಒಣ ಊರುಗಳಿಗೂ ಅದು ಬೇರೆ ದಾರಿಯಿಂದ ಬಂತು. 2013ರಲ್ಲಿ ಅನ್ನಭಾಗ್ಯ ಶುರುವಾಗಿ ಬಡ ಕುಟುಂಬಕ್ಕೆ ಕಿಲೋಗೆ ಒಂದು ರೂಪಾಯಿಯಂತೆ ತಿಂಗಳಿಗೆ 30 ಕಿಲೋವರೆಗೆ ಅಕ್ಕಿ ಸಿಕ್ಕಿತು.

ಅನ್ನಭಾಗ್ಯವನ್ನು ಹೀಗಳೆಯುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಗುಳೇ ಹೋಗುವ ಸೀಮೆಯಲ್ಲಿ ಆ ಅಕ್ಕಿ ಎಷ್ಟು ಒಲೆಗಳನ್ನು ಹೊತ್ತಿಸಿತು ಎಂಬುದು ಇಲ್ಲಿಯ ಹೆಣ್ಣುಮಕ್ಕಳಿಗೆ ಗೊತ್ತು. ಹಸಿವು ತಣಿಸಿದ ಆ ಅನ್ನ ಪೋಷಣೆಯ ಪ್ರಶ್ನೆಯನ್ನು ಅರ್ಧಕ್ಕೇ ಬಿಟ್ಟಿತು ಎಂಬುದು ಮಾತ್ರ ನನ್ನ ತಕರಾರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನು 8 ಗ್ರಾಂ, ನಾರು 3 ಗ್ರಾಂ ಒಳಗೆ. ಅಲ್ಲದೆ ಜೋಳದ ರೊಟ್ಟಿ ಬರುವಾಗ ಒಂಟಿಯಾಗಿ ಬರುತ್ತಿರಲಿಲ್ಲ. ಜೊತೆಗೆ ಪುಂಡಿ ಪಲ್ಯ, ಬ್ಯಾಳಿ, ಝುಣಕ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. ಅನ್ನ ಒಂದು ತಿಳಿಸಾರಿನೊಂದಿಗೆ ಗಂಟಲಿಗಿಳಿಯುತ್ತದೆ. ರೊಟ್ಟಿಯಿಂದ ಅನ್ನಕ್ಕೆ ಬಂದ ಮನೆ ಕಳೆದುಕೊಂಡದ್ದು ಜೋಳವೊಂದನ್ನೇ ಅಲ್ಲ. ಅದರ ಸುತ್ತಲಿದ್ದ ಪಲ್ಯ, ಕಾಳು, ಹಿಂಡಿಯನ್ನೂ.

ಹಾಗೆಂದು ಜೋಳಕ್ಕೆ ಮರಳಿದರೆ ಎಲ್ಲ ಸರಿಹೋಗುತ್ತದೆ ಎಂಬ ಸಿರಿಧಾನ್ಯದ ಉತ್ಸಾಹವನ್ನೂ ಒಂದಿಷ್ಟು ತಡೆಯಬೇಕು. ಭಾರತೀಯರು ಊಟದಿಂದ ಪಡೆಯುವ ಶಕ್ತಿಯಲ್ಲಿ ಶೇ 62 ಪಿಷ್ಟ-ಸಕ್ಕರೆಯಿಂದಲೇ ಬರುತ್ತದೆ ಎಂದು ಇಂಡಿಯಾಬ್ ತಂಡ 2025ರಲ್ಲಿ ವರದಿ ಮಾಡಿತು. ಅಕ್ಕಿಯ ಜಾಗದಲ್ಲಿ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ತಂದಿಟ್ಟು, ಒಟ್ಟು ಪಿಷ್ಟವನ್ನು ಹಾಗೇ ಬಿಟ್ಟರೆ ಸಕ್ಕರೆ ಕಾಯಿಲೆಯ ಅಪಾಯ ಇಳಿಯುವುದಿಲ್ಲ. ಪಿಷ್ಟದ ಒಂದು ಪಾಲನ್ನು ಬೇಳೆಕಾಳು, ಹಾಲು-ಮೊಸರು, ಮೊಟ್ಟೆಯಂಥ ಪ್ರೋಟೀನಿಗೆ ಬಿಟ್ಟುಕೊಟ್ಟರೆ ಇಳಿಯುತ್ತದೆ ಎಂಬುದು ಅದರ ಮುಖ್ಯ ಮಾತು. ನೂರು ಗ್ರಾಂನಲ್ಲಿ ಇಪ್ಪತ್ತಕ್ಕೂ ಹೆಚ್ಚು ಗ್ರಾಂ ಪ್ರೋಟೀನಿರುವ ಬೇಳೆಯನ್ನು ದೇಶಕ್ಕೇ ಬೆಳೆದುಕೊಡುವ ತೊಗರಿ ಸೀಮೆ ಇದು. ಇಲ್ಲಿ ಬೆಳೆದ ತೊಗರಿ ಎಪಿಎಂಸಿ ಹಾದು, ದಾಲ್ ಮಿಲ್ಲು ಹಾದು ಪೇಟೆಗೆ ಹೋಗುತ್ತದೆ. ಹೊಲದಲ್ಲಿ ಕೂಲಿ ಮಾಡಿದವಳ ಮನೆಯ ಸಾರಿನಲ್ಲಿ ಬೇಳೆ ಹುಡುಕಬೇಕು.

ಎಣ್ಣೆಯ ಕಥೆ ಬೇರೆ. ಕುಸುಬಿ, ಶೇಂಗಾ ಗಾಣಕ್ಕೆ ಕೊಟ್ಟು ತಂದ ಎಣ್ಣೆಯನ್ನು ಅಜ್ಜಿಯಂದಿರು ಸೌಟಿನ ತುದಿಯಲ್ಲಿ ಅಳೆದು ಬಳಸುತ್ತಿದ್ದರು. ಕುಸುಬೆಯ ಹೊಲಗಳು ಕರಗಿದವು, ಪ್ಯಾಕೆಟ್ಟಿನ ಪಾಮ್ ಎಣ್ಣೆ ಬಂತು. ತಲೆಗೆ ವರ್ಷಕ್ಕೆ 12 ಕಿಲೋ ಸಾಕು ಎಂಬುದು ತಜ್ಞರ ಲೆಕ್ಕ. ದೇಶದ ಸರಾಸರಿ ಬಳಕೆ ಅದನ್ನು ಎಂದೋ ಮೀರಿದೆ. ಸುಸ್ಲಾ-ಮಿರ್ಚಿ, ಒಗ್ಗರಣೆ-ಬಜ್ಜಿ, ಪೂರಿ, ಮೇಲೊಂದು ಸಕ್ಕರೆ ಹೆಚ್ಚಿದ ಚಹಾ: ಇದು ಈಗ ಮೂರೂ ಪಟ್ಟಣಗಳ ಬೆಳಗಿನ ಉಪಾಹಾರ. ಮಿರ್ಚಿ ತಿನ್ನಬೇಡಿ ಎಂದು ಉಪದೇಶಿಸುವುದರಿಂದ ಏನೂ ಆಗದು. ಒಂದೇ ಬಾಣಲೆಯಲ್ಲಿ ದಿನವಿಡೀ ಕಾಯುವ ಎಣ್ಣೆಯನ್ನು ಎಷ್ಟು ಹೊತ್ತಿಗೊಮ್ಮೆ ಚೆಲ್ಲುತ್ತಾರೆ ಎಂದು ನಗರಸಭೆಯವರು ನೋಡುವುದರಿಂದ ಆಗಬಹುದು.

ದುಡಿಮೆ ಕುಗ್ಗಿದ್ದು ಊಟ ಬದಲಾದದ್ದಕ್ಕಿಂತ ದೊಡ್ಡ ಕಾರಣವೇನೋ. ಬೀಸುವ ಕಲ್ಲು ಮೂಲೆ ಸೇರಿತು, ಗಿರಣಿ ಬಂತು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್, ಕುರುಪಿಯ ಜಾಗಕ್ಕೆ ಕಳೆನಾಶಕ, ಭತ್ತದ ಕಟಾವಿಗೆ ಯಂತ್ರ. ಹೊಲಕ್ಕೆ ನಡೆದು ಹೋಗುತ್ತಿದ್ದವರು ಬೈಕಿನಲ್ಲಿ ಹೋಗುತ್ತಾರೆ. ಇವುಗಳಲ್ಲಿ ಒಂದನ್ನೂ ವಾಪಸು ಕಳಿಸಬೇಕೆಂದು ನಾನು ಹೇಳಲಾರೆ. ಬೆನ್ನು ಮುರಿಯುವ ದುಡಿಮೆಯಲ್ಲಿ ಯಾವ ಸೊಗಸೂ ಇರಲಿಲ್ಲ, ಅದರಲ್ಲೂ ಹೆಂಗಸರಿಗೆ. ಆದರೆ ದೇಹ ಖರ್ಚು ಮಾಡುತ್ತಿದ್ದ ಶಕ್ತಿ ಕಡಿಮೆಯಾದಷ್ಟು ವೇಗದಲ್ಲಿ ಊಟದ ಪ್ರಮಾಣ ಇಳಿಯಲಿಲ್ಲ. ರೊಟ್ಟಿಗೆ ಹೊಂದಿಕೊಂಡಿದ್ದ ಹೊಟ್ಟೆ ಅಷ್ಟೇ ಅನ್ನ ಕೇಳುತ್ತದೆ.

ಗುಳೇ ಹೋದವರದು ಇನ್ನೊಂದು ಬಗೆ. ಬೆಂಗಳೂರು, ಪುಣೆ, ಮುಂಬೈಗೆ ಕಟ್ಟಡದ ಕೆಲಸಕ್ಕೆ ಹೋದ ಯಾದಗಿರಿಯವರು ಅಲ್ಲಿ ಇಟ್ಟಿಗೆ ಹೊತ್ತಷ್ಟು ಕಾಲ ಬಡಕಲಾಗಿಯೇ ಇರುತ್ತಾರೆ. ವಯಸ್ಸಾದಂತೆ ವಾಚ್‌ಮನ್ ಕೆಲಸ ಸಿಗುತ್ತದೆ, ಇಲ್ಲವೇ ಡ್ರೈವಿಂಗ್. ಹನ್ನೆರಡು ಗಂಟೆ ಕುರ್ಚಿ, ರಾತ್ರಿ ಪಾಳಿ, ನಿದ್ದೆಗೆಡುವುದು, ಹಸಿವಾದಾಗ ಬೇಕರಿಯ ಬನ್ನು, ಎಷ್ಟೋ ಮಂದಿಗೆ ಸಂಜೆಯ ಕುಡಿತ. ಇವೆಲ್ಲ ನೇರ ನಡುವಿಗೇ ಬಂದು ಸೇರುವಂಥವು. ಊರಿಗೆ ಮರಳುವಾಗ ಹೊಟ್ಟೆಯೂ ಬಂದಿರುತ್ತದೆ, ಅದರೊಳಗಿನ ಕಾಯಿಲೆಯೂ. ಅವರ ಕಾರ್ಡು ಒಂದು ಊರಿನದು, ಬದುಕು ಇನ್ನೊಂದು ಊರಿನದು. ಯಾವ ತಪಾಸಣೆಯ ಪಟ್ಟಿಗೂ ಸರಿಯಾಗಿ ಸಿಗುವುದಿಲ್ಲ.

ಹೆಣ್ಣುಮಕ್ಕಳ ಹೊಟ್ಟೆಯ ಬಗ್ಗೆ ಮಾತಾಡುವಾಗ ಎಚ್ಚರ ಬೇಕು. ಬೇಗ ಮದುವೆ, ಇಪ್ಪತ್ತೈದರೊಳಗೆ ಎರಡು ಮೂರು ಹೆರಿಗೆ, ಆಮೇಲೆ ಆಪರೇಷನ್, ಅಲ್ಲಿಂದ ಮುಂದೆ ತನ್ನ ಮೈ ಬಗ್ಗೆ ಯಾರೂ ಕೇಳದ ಮೂವತ್ತು ವರ್ಷ. ರಕ್ತಹೀನತೆಯೂ ಹೊಟ್ಟೆಯ ಬೊಜ್ಜೂ ಒಟ್ಟಿಗಿರುವ ಹೆಂಗಸಿಗೆ ಹೆಜ್ಜೆ ಎತ್ತಿಡಲೂ ದಣಿವು. ಅವಳಿಗೆ ‘ವಾಕಿಂಗ್ ಮಾಡವ್ವ’ ಎನ್ನುವುದು ಸುಲಭ. ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಕಡೆ ಬೆಳಗಿನ ಹೊತ್ತು ಗಂಡಸರು ನಡೆಯಬಹುದು. ಸಣ್ಣ ಊರಿನಲ್ಲಿ ಹೆಂಗಸೊಬ್ಬಳು ಕೆಲಸವಿಲ್ಲದೆ ಸುಮ್ಮನೆ ನಡೆದಾಡಿದರೆ ನಾಲ್ಕು ಜನ ಕೇಳುತ್ತಾರೆ.

ಇನ್ನು ಗೆರೆಯ ವಿಷಯ. ಭಾರತೀಯರಿಗೆ ಸೊಂಟದ ಮಿತಿ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಎಂದು ತಜ್ಞರ ಒಮ್ಮತದ ಹೇಳಿಕೆ 2009ರಲ್ಲಿ ಹೇಳಿತು. ಆ ಮಿತಿ ಮುಟ್ಟುವ ಮೊದಲೇ, ಗಂಡಸರು 78ಕ್ಕೆ, ಹೆಂಗಸರು 72ಕ್ಕೆ ಬಂದಾಗಲೇ ಎಚ್ಚರಾಗಬೇಕು ಎಂದೂ ಹೇಳಿತ್ತು. ಈ ಎರಡನೆಯ ಮಾತು ಆಸ್ಪತ್ರೆಗಳ ಗೋಡೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಯಾದಗಿರಿಗೆ ಮಾತ್ರ ಅದೇ ಹೆಚ್ಚು ಒಪ್ಪುತ್ತದೆ ಎಂದು ನನ್ನ ಅನಿಸಿಕೆ. ಸೊಂಟ ಎತ್ತರದ ಅರ್ಧ ಮೀರಬಾರದು ಎಂಬ ಸರಳ ನಿಯಮವೊಂದಿದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಲ್ಲಿ ಅದನ್ನು ಒಪ್ಪಿಕೊಂಡಿತು. ಬಾಲ್ಯದ ಕೊರತೆಯಿಂದ 148 ಸೆಂ.ಮೀ.ಗೆ ನಿಂತ ಹೆಂಗಸಿಗೆ ಆ ಲೆಕ್ಕದಲ್ಲಿ ಮಿತಿ 74, ಎಂಬತ್ತಲ್ಲ. 160 ಸೆಂ.ಮೀ. ಎತ್ತರದ ಗಂಡಸಿಗೆ 80, ತೊಂಬತ್ತಲ್ಲ. ಗಿಡ್ಡ ಉಳಿದ ಜನರಿರುವ ಜಿಲ್ಲೆಯಲ್ಲಿ ಎಲ್ಲರಿಗೂ ಒಂದೇ ಗೆರೆ ಹಾಕಿದರೆ ಅಪಾಯದಲ್ಲಿರುವವರೇ ಗೆರೆಯ ಒಳಗೆ ಸುರಕ್ಷಿತರಂತೆ ಕಾಣುತ್ತಾರೆ.

ಸೊಂಟ-ನಿತಂಬದ ಅನುಪಾತದಲ್ಲೂ ಇಂಥದೇ ತೊಡಕು. ಹೆಂಗಸರಲ್ಲಿ 0.85 ದಾಟಿದರೆ ಅಪಾಯ ಎನ್ನುತ್ತಾರೆ. 70 ಸೆಂ.ಮೀ. ಸೊಂಟ, 80 ಸೆಂ.ಮೀ. ನಿತಂಬದ ಬಡಕಲು ಕೂಲಿ ಹೆಂಗಸಿನ ಅನುಪಾತ 0.875. ಅವಳಿಗೆ ಬೊಜ್ಜಿದೆ ಎಂದರೆ ನಗು ಬರಬಹುದು. ಆದರೆ ತೊಡೆ, ನಿತಂಬದ ಸ್ನಾಯು ಕರಗಿರುವುದೂ ಅಪಾಯವೇ. ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವ ಮುಖ್ಯ ಜಾಗ ಸ್ನಾಯು. ಕುಟುಂಬ ಸಮೀಕ್ಷೆಯಲ್ಲಿ ದೇಶದ ಶೇ 57ರಷ್ಟು ಹೆಂಗಸರು ಈ ಗೆರೆ ದಾಟಿದ್ದಾರೆಂದರೆ ಅದರಲ್ಲಿ ಉಂಡು ಬೆಳೆದ ಸೊಂಟವೂ ಇದೆ, ಉಣ್ಣದೆ ಕರಗಿದ ನಿತಂಬವೂ ಇದೆ.

ಅಳೆಯುವ ಕ್ರಮ ತಪ್ಪುವುದು ಸುಲಭ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲಂಚಿನ ನಡುವೆ, ಉಸಿರು ಸಹಜವಾಗಿ ಬಿಟ್ಟ ಕ್ಷಣದಲ್ಲಿ, ಟೇಪು ನೆಲಕ್ಕೆ ಸಮಾನಾಂತರವಾಗಿ ಇರಬೇಕು. ಪ್ಯಾಂಟಿನ ಸೈಜು ನಂಬುವಂಥದ್ದಲ್ಲ. ಹೊಟ್ಟೆ ಬೆಳೆದಂತೆ ಪ್ಯಾಂಟು ಕೆಳಗಿಳಿಯುತ್ತದೆ, ಅಂಗಡಿಯಲ್ಲಿ 34 ಎಂದು ಕೊಂಡವರ ನಿಜವಾದ ಸುತ್ತಳತೆ 38 ಇರಬಹುದು. ಸೀರೆಯ ಮೇಲೆ, ಲಂಗದ ಗಂಟಿನ ಮೇಲೆ ಅಳೆದ ಅಳತೆಗೆ ಅರ್ಥವಿಲ್ಲ.

ಚಿಕಿತ್ಸೆಯ ಕಡೆ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ಸುದ್ದಿ ಜೋರಾಗಿದೆ. ತಿಂಗಳು ತಿಂಗಳೂ ಹಣ ಸುರಿಯಬೇಕಾದ ಆ ದಾರಿ ಸದ್ಯಕ್ಕೆ ಈ ಜಿಲ್ಲೆಯದಲ್ಲ. ನಂಬಿಕೆ ಹುಟ್ಟಿಸುವುದು ಚೆನ್ನೈನ ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಕೆಲಸ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಮೂರು ವರ್ಷ ನೋಡಿದರು. ಊಟ, ನಡಿಗೆ ತಿದ್ದಿಕೊಂಡವರಲ್ಲಿ ಕಾಯಿಲೆ ಬರುವುದು ಶೇ 28.5ರಷ್ಟು ತಗ್ಗಿತು, ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ. ತೂಕದ ಯಂತ್ರ ನೋಡಿ ಬೇಸತ್ತು ಕೈಬಿಡುವವರಿಗೆ ಇದನ್ನು ಹೇಳಲೇಬೇಕು.

ಇನ್ನೊಂದು ಭರವಸೆ ಶಾಲೆಯಿಂದ ಬಂದಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ ಎದ್ದ ವಾದ-ವಿವಾದ ಎಲ್ಲರಿಗೂ ನೆನಪಿದೆ. ಆಗ ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳೊಂದಿಗೆ ಸಂಶೋಧಕರು ಹೋಲಿಸಿ ನೋಡಿದರು. ಯಾದಗಿರಿಯ ಮಕ್ಕಳ ಬೆಳವಣಿಗೆ ಮುಂದಿತ್ತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಮೊಟ್ಟೆ ವಾರದ ಆರು ದಿನಕ್ಕೆ ವಿಸ್ತರಿಸಿತು. ಹೊಟ್ಟೆಯ ಬೊಜ್ಜು ತಡೆಯುವ ಕಾರ್ಯಕ್ರಮ ಎಂದು ಇದನ್ನು ಯಾರೂ ಕರೆದಿಲ್ಲ. ನಾನು ಹಾಗೇ ಕರೆಯುತ್ತೇನೆ. ಎಂಟನೇ ತರಗತಿಯ ಹುಡುಗಿಯ ಎಲುಬಿಗೆ, ಸ್ನಾಯುವಿಗೆ ಸೇರುವ ಪ್ರೋಟೀನು ಹತ್ತು ವರ್ಷದ ನಂತರ ಅವಳು ಹೆರುವ ಕೂಸಿನ ಮೈಕಟ್ಟನ್ನೂ ತಿದ್ದುತ್ತದೆ. ಬಸುರಿಯರಿಗೆ ಅಂಗನವಾಡಿಯಲ್ಲಿ ಊಟ ಕೊಡುವ ಮಾತೃಪೂರ್ಣ 2017ರಲ್ಲಿ ಬಂದಾಗ ಆಶಯ ಇದೇ ಆಗಿತ್ತು. ಆದರೆ ಮೈಲುಗಟ್ಟಲೆ ದೂರದ ಹೊಲದಲ್ಲಿ ಕೂಲಿಗೆ ಹೋದವಳು ಮಧ್ಯಾಹ್ನದ ಊಟಕ್ಕೆ ಅಂಗನವಾಡಿಗೆ ಹೇಗೆ ಬಂದಾಳು? ಊಟ ಅವಳಿರುವಲ್ಲಿಗೆ ಹೋಗಬೇಕು. ಪಡಿತರದಲ್ಲಿ ಅಕ್ಕಿಯ ಒಂದು ಪಾಲು ಇಲ್ಲಿಯದೇ ಜೋಳ, ಇಲ್ಲಿಯದೇ ತೊಗರಿಬೇಳೆ ಆಗಬೇಕು. ಖರೀದಿ ಕೇಂದ್ರ, ಗೋದಾಮು, ನ್ಯಾಯಬೆಲೆ ಅಂಗಡಿ ಮೂರೂ ಈ ಜಿಲ್ಲೆಯಲ್ಲೇ ಇವೆ.

ತಪಾಸಣೆಗೆ ಬೇಕಾದ ಟೇಪು ಈಗಾಗಲೇ ಪ್ರತಿ ಊರಿನಲ್ಲಿದೆ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಆಶಾ ಕಾರ್ಯಕರ್ತೆ ತುಂಬಬೇಕಾದ ನಮೂನೆಯಲ್ಲಿ ಸೊಂಟದ ಸುತ್ತಳತೆಯ ಪ್ರಶ್ನೆ ಇದೆ. ಹೆಂಗಸರಿಗೆ 80 ಸೆಂ.ಮೀ.ವರೆಗೆ, ಗಂಡಸರಿಗೆ 90ರವರೆಗೆ ಇದ್ದರೆ ಸೊನ್ನೆ ಅಂಕ. ಮೇಲಿನ ಹತ್ತು ಸೆಂ.ಮೀ.ಗೆ ಒಂದು, ಅದಕ್ಕೂ ಮೀರಿದರೆ ಎರಡು. ಒಟ್ಟು ಅಂಕ ನಾಲ್ಕು ದಾಟಿದವರನ್ನು ಮೊದಲು ಆಸ್ಪತ್ರೆಗೆ ಕಳಿಸಬೇಕು. ‘ನಾ ಏನ್ ದಪ್ಪ ಅದೀನೇನವ್ವ, ನನಗ್ಯಾಕ ಟೇಪು’ ಎನ್ನುವವರ ಮನೆಯಲ್ಲಿ, ಹತ್ತಾರು ಬೇರೆ ಕೆಲಸಗಳ ನಡುವೆ, ಅಲ್ಪ ಗೌರವಧನಕ್ಕೆ ಆಕೆ ಇದನ್ನು ಮಾಡಬೇಕು. ಕಣ್ಣಂದಾಜಿನಲ್ಲಿ ತುಂಬಿದ ನಮೂನೆಗಳಿದ್ದರೆ ತಪ್ಪು ಅವಳದಲ್ಲ.

ಆದರೆ ಈ ನಮೂನೆಯಲ್ಲಿ ಒಂದು ಕೊರತೆ ಇದೆ, ಅದನ್ನು ಸರಿಪಡಿಸಲು ಖರ್ಚೂ ಇಲ್ಲ. ಅದರಲ್ಲಿ ಉಳಿಯುವುದು ಅಂಕ, ಸೆಂಟಿಮೀಟರ್ ಉಳಿಯುವುದಿಲ್ಲ. ಹೋದ ವರ್ಷ 68 ಇದ್ದ ಹೆಂಗಸು ಈ ವರ್ಷ 79 ಆದರೂ ಅವಳ ಅಂಕ ಸೊನ್ನೆಯಿಂದ ಸೊನ್ನೆಗೆ. ಆ ಹನ್ನೊಂದು ಸೆಂಟಿಮೀಟರ್ ಯಾವ ಕಾಗದದಲ್ಲೂ ಇಲ್ಲ. ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಸಮುದಾಯ ವೈದ್ಯಶಾಸ್ತ್ರ ವಿಭಾಗ ಇದೆ, ಕ್ಷೇತ್ರಕಾರ್ಯಕ್ಕೆ ಹೋಗಲೇಬೇಕಾದ ವಿದ್ಯಾರ್ಥಿಗಳಿದ್ದಾರೆ. ಸುರಪುರದ ಕಾಲುವೆ ಮೇಲಿನ ಒಂದು ಊರು, ಶಹಾಪುರದ ಹತ್ತಿ ಸೀಮೆಯ ಒಂದು ಊರು, ಯಾದಗಿರಿ ಕಡೆಯ ಗುಳೇ ಹೋಗುವ ಒಂದು ತಾಂಡಾ ಆರಿಸಿಕೊಂಡು, ಅದೇ ಜನರ ಸೊಂಟವನ್ನೂ ಎತ್ತರವನ್ನೂ ವರ್ಷಕ್ಕೊಮ್ಮೆ ಸೆಂಟಿಮೀಟರಿನಲ್ಲಿ ಬರೆದಿಡಲಿ. ಮೈಸೂರಿನ ಮಿಷನ್ ಆಸ್ಪತ್ರೆಯ ದಾದಿಯರು 1934ರಲ್ಲಿ ಕೂಸುಗಳ ಉದ್ದ ಬರೆಯುವಾಗ ಅರವತ್ತು ವರ್ಷದ ನಂತರ ಅದು ಯಾರ ಕೈಗೆ ಸಿಗುತ್ತದೆ ಎಂದು ಯೋಚಿಸಿರಲಿಕ್ಕಿಲ್ಲ. ಯಾದಗಿರಿಯ ಪುಸ್ತಕದ ಮೊದಲ ಸಾಲನ್ನು ಈ ವರ್ಷವೇ ಬರೆಯಬಹುದು.